ಒಣಗಿದ ಮೇಲೆ

ಮೇಲಂಚಿನ ಸ್ವಿಚ್ಚನ್ನು ಬಲಕ್ಕೆ ಸರಿಸಿದರೆ, ಸ್ವರಕ್ಕೂ ಮೊದಲು ಗುಂಯ್ ಎನ್ನುವ ಸಣ್ಣ ಸದ್ದೊಂದು ಕಿವಿಗೆ ಬೀಳುತ್ತದೆ. ಇಯರ್‌ಫೋನ್ ಹಾಕಿಕೊಂಡವರಿಗೆ ಮಾತ್ರ ಕೇಳುವಷ್ಟು ಸಣ್ಣದು. ಗೇಮ್ ಬಾಯ್ ಪೆಟ್ಟಿಗೆಯೊಳಗೆ ವಿದ್ಯುತ್ತು ತನ್ನ ಪಾಡಿಗೆ ತಾನು ಓಡಾಡುವ ಸದ್ದು ಅದು. ಮನೆಯವರೆಲ್ಲ ಮಲಗಿದ ಮೇಲೆ ನಾನು ಅದನ್ನು ಸ್ವಲ್ಪ ಹೊತ್ತು ಸುಮ್ಮನೆ ಕೇಳುತ್ತೇನೆ. ಆಮೇಲೆ ಹಾಡಿನ ಪುಟ ತೆರೆಯುತ್ತೇನೆ.

1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ಆಟದ ಪೆಟ್ಟಿಗೆ ಇದು. ನಾಲ್ಕು ಪೆನ್ಸಿಲ್ ಸೆಲ್ಲು, ಪಾಚಿ ಬಣ್ಣದ ಪುಟ್ಟ ಪರದೆ, ಆ ಪರದೆಯಲ್ಲಿ ನಾಲ್ಕೇ ಛಾಯೆ. ಟೆಟ್ರಿಸ್‌ನಂಥ ಆಟಗಳನ್ನು ಆಡಲೆಂದು ಮಾಡಿದ್ದು. ಅದರಲ್ಲೀಗ ಹಾಡು ಕಟ್ಟುವವರು ಎಷ್ಟೋ ದೇಶಗಳಲ್ಲಿದ್ದಾರೆ. ಕಟ್ಟಿದ್ದಕ್ಕೆ ಚಿಪ್‌ಟ್ಯೂನ್ ಎಂದು ಹೆಸರು.

ಪೆಟ್ಟಿಗೆಗೆ ಇರುವುದು ನಾಲ್ಕು ದನಿ. ಮೊದಲ ಎರಡು ದನಿಗಳು ಇದೆ, ಇಲ್ಲ ಎಂಬ ಎರಡೇ ಸ್ಥಿತಿಗಳ ನಡುವೆ ಜಿಗಿಯುತ್ತವೆ. ಹಾಗಾಗಿ ಅವುಗಳ ಅಲೆ ಚೌಕ. ಆ ಚೌಕದ ಅಗಲವನ್ನು ನಾಲ್ಕು ಬಗೆಯಲ್ಲಿ ಬದಲಿಸಬಹುದು, ನಾಲ್ಕರಲ್ಲಿ ಎರಡು ಕಿವಿಗೆ ಒಂದೇ. ಮೂರನೆಯದರ ಅಲೆಯನ್ನು ನಾವೇ ಬರೆದುಕೊಳ್ಳಬಹುದು, 32 ಮೆಟ್ಟಿಲಿನಲ್ಲಿ. ನಾಲ್ಕನೆಯದು ತಾಳಕ್ಕೆಂದು ಇಟ್ಟ ಬರಿಯ ಗದ್ದಲ.

ಈ ನಾಲ್ಕನೆಯದರ ಬಳಿ ನಾನು ಬಹಳ ರಾತ್ರಿ ಕೂತಿದ್ದೇನೆ. ಗದ್ದಲವೆಂದರೆ ಕ್ರಮವಿಲ್ಲದ್ದು ಎಂದುಕೊಂಡಿದ್ದೆ. ಆದರೆ ಕ್ರಮ ತಪ್ಪುವುದು ಈ ಯಂತ್ರಕ್ಕೆ ಬರುವುದೇ ಇಲ್ಲ. ಅದು 15 ಮನೆಗಳ ಒಂದು ಸಾಲು ಇಟ್ಟುಕೊಂಡಿದೆ, ಪ್ರತಿ ಮನೆಯಲ್ಲೂ ಸೊನ್ನೆ ಇಲ್ಲವೇ ಒಂದು. ಹೆಜ್ಜೆಹೆಜ್ಜೆಗೂ ಇಡೀ ಸಾಲು ಒಂದು ಮನೆ ಜರುಗುತ್ತದೆ. ತುದಿಯ ಎರಡು ಮನೆಗಳನ್ನು ಹೋಲಿಸಿ ಬಂದ ಉತ್ತರ ಇನ್ನೊಂದು ತುದಿಯಲ್ಲಿ ತೆರವಾದ ಮನೆಗೆ ಹೋಗಿ ಕೂರುತ್ತದೆ. ಇಷ್ಟೇ. ಹೀಗೆ 32,767 ಹೆಜ್ಜೆ ನಡೆದ ಮೇಲೆ ಎಲ್ಲವೂ ಮೊದಲಿನಂತೆಯೇ ಮತ್ತೆ ಶುರು. ದಾರಿ ಅಷ್ಟು ಉದ್ದವಾದ್ದರಿಂದ, ಅದು ಮರಳಿ ಬಂದದ್ದು ಕಿವಿಗೆ ತಿಳಿಯುವುದಿಲ್ಲ. ಅದೇ ಸಾಲನ್ನು ಏಳು ಮನೆಗೆ ಇಳಿಸಿದರೆ 127ನೆಯ ಹೆಜ್ಜೆಗೇ ಮರಳುತ್ತದೆ. ಆಗ ಗದ್ದಲ ಹೋಗಿ ಕಂಚಿನ ತಟ್ಟೆಯನ್ನು ಕೆರೆದಂಥ ಒರಟು ಸ್ವರವೊಂದು ಎದ್ದು ನಿಲ್ಲುತ್ತದೆ. ನಿಯಮ ಅದೇ, ಸೊನ್ನೆ ಒಂದುಗಳೂ ಅವೇ. ಬೇಗ ಮರಳಿದ್ದಕ್ಕೆ ಸ್ವರ ಎಂದೆವು, ತಡವಾಗಿ ಮರಳಿದ್ದಕ್ಕೆ ಗದ್ದಲ ಎಂದೆವು. ಇದನ್ನು ಮೊದಲ ಸಲ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಲೋಕದಲ್ಲಿ ಗದ್ದಲವೆಂದು ನಾನು ಕಿವಿ ಮುಚ್ಚಿಕೊಂಡಿರುವುದರಲ್ಲಿ, ಮರಳುವ ತನಕ ಕಾಯಲಾರದೆ ಎದ್ದುಬಂದದ್ದು ಎಷ್ಟಿದೆಯೋ.

ಶ್ರುತಿಯ ವಿಷಯವೂ ಹೀಗೆಯೇ ಲೆಕ್ಕಕ್ಕೆ ಕಟ್ಟುಬಿದ್ದದ್ದು. 1,31,072 ಎಂಬ ಸಂಖ್ಯೆಯನ್ನು ಪೂರ್ಣಾಂಕವೊಂದರಿಂದ ಭಾಗಿಸಿದರೆ ಬರುವ ಕಂಪನಗಳಷ್ಟೇ ಚೌಕದ ದನಿಗೆ ದಕ್ಕುತ್ತವೆ. ಪಾಶ್ಚಾತ್ಯ ವಾದ್ಯವೃಂದಗಳು ಶ್ರುತಿಗೆ ಹಿಡಿಯುವ, ಸೆಕೆಂಡಿಗೆ 440 ಕಂಪನದ ಸ್ವರ ಇದಕ್ಕೆ ಬಾರದು. 298ರಿಂದ ಭಾಗಿಸಿದರೆ 439.84, 297ರಿಂದ ಭಾಗಿಸಿದರೆ 441.32. ನಡುವೆ ಏನೂ ಇಲ್ಲ. ಮೇಲಿನ ಸ್ಥಾಯಿಗೆ ಏರಿದಷ್ಟೂ ಈ ಬಿರುಕು ಅಗಲವಾಗುತ್ತದೆ. ಅಲ್ಲಿ ಗಮಕ ಎಳೆಯಹೋದರೆ ಮೆಟ್ಟಿಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಕೇಳಿಸುತ್ತವೆ. ಒಂದು ದನಿ ಒಂದು ಗಳಿಗೆಯಲ್ಲಿ ಒಂದೇ ಸ್ವರ ನುಡಿಯಬಲ್ಲದು. ಮೂರು ಸ್ವರ ಕೂಡಿದ ಕಾರ್ಡ್ ಬೇಕೆಂದರೆ ಮೂರನ್ನೂ ಒಂದರ ಹಿಂದೊಂದು ಅತಿ ವೇಗದಲ್ಲಿ ಸುತ್ತಿಸಬೇಕು. ನಾನು ಬಳಸುವ ತಂತ್ರಾಂಶದಲ್ಲಿ ಅದಕ್ಕೆ ಸಿ 47 ಎಂದು ಬರೆಯುತ್ತಾರೆ: ಷಡ್ಜ, ಅಲ್ಲಿಂದ ನಾಲ್ಕು ಮನೆ ಮೇಲಿನ ಅಂತರ ಗಾಂಧಾರ, ಏಳು ಮನೆ ಮೇಲಿನ ಪಂಚಮ. 37 ಎಂದರೆ ಗಾಂಧಾರ ಒಂದು ಮನೆ ಇಳಿದು ಸಾಧಾರಣವಾಗುತ್ತದೆ. ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದಲ್ಲ, ಅದು ತಂತಿಯೊಳಗೇ ಇರುವಂಥದ್ದು. ಇಲ್ಲಿ ಕೂಡಿದ ನಾದ ಪೆಟ್ಟಿಗೆಯಲ್ಲಿ ಯಾವ ಕ್ಷಣದಲ್ಲೂ ಇಲ್ಲ. ಕೂಡಿಸುವುದು ಕೇಳುವವರ ಕಿವಿ.

ಮಿತಿಯಿದ್ದರೆ ಕಲೆ ಅರಳುತ್ತದೆ ಎಂಬ ಮಾತು ಈ ಸಂಗೀತದ ಬಗ್ಗೆ ಮತ್ತೆ ಮತ್ತೆ ಬರುತ್ತದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಇಕ್ಕಟ್ಟು ಎಷ್ಟೋ ಜನರ ಹಾಡನ್ನು ಗಂಟಲಲ್ಲೇ ಅಡಗಿಸಿದೆ. ನನ್ನನ್ನು ಹಿಡಿದಿಟ್ಟದ್ದು ಬೇರೇನೋ ಇರಬೇಕು ಎಂದು ಹುಡುಕುತ್ತಿದ್ದಾಗ, ಈ ಪೆಟ್ಟಿಗೆಯನ್ನು ರೂಪಿಸಿದ ತಂಡದ ಹಿರಿಯ ಗುನ್‌ಪೇ ಯೊಕೊಯಿ ಅವರ ವಿಚಾರ ಕಣ್ಣಿಗೆ ಬಿತ್ತು. ಒಣಗಿದ ತಂತ್ರಜ್ಞಾನವನ್ನು ತೆಗೆದುಕೊಂಡು ಅದಕ್ಕೆ ಯಾರೂ ನೆನೆಸದ ಬಳಕೆ ಹುಡುಕಬೇಕು ಎನ್ನುವುದು ಅವರ ಪದ್ಧತಿ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ ಬಣ್ಣದ ಪರದೆಯಿತ್ತು, ಅದು ಸೆಲ್ಲುಗಳನ್ನು ನುಂಗುತ್ತಿತ್ತು. ಯೊಕೊಯಿ ಅವರ ತಂಡ ಅಗ್ಗದ, ಪಳಗಿದ, ಬಣ್ಣವಿಲ್ಲದ ಪರದೆಗೇ ನಿಂತಿತು. ಜಪಾನಿ ಭಾಷೆಯಲ್ಲಿ ಅವರು ಬಳಸಿದ ಪದ ಗಿಡಮರ ಒಣಗುವುದಕ್ಕೆ ಹೇಳುವಂಥದ್ದು. ಚೆನ್ನಾಗಿ ಪಳಗಿ, ಇನ್ನು ಕೈಕೊಡದ ತಂತ್ರಕ್ಕೂ ಅಲ್ಲಿ ಅದೇ ಪದ.

ಒಣಗಿದ್ದು ಎಂದರೆ ನಮಗೆ ಮೊದಲು ಹೊಳೆಯುವುದು ಒಲೆ. ಆದರೆ ಹಸಿ ಬಿದಿರಿಗೆ ರಂಧ್ರ ಕೊರೆದು ನೋಡಿ. ಅದು ಆರುತ್ತ, ಕುಗ್ಗುತ್ತ, ಶ್ರುತಿ ಜಾರಿಸುತ್ತಲೇ ಇರುತ್ತದೆ. ಇವತ್ತು ನಿಂತ ಷಡ್ಜ ಬರುವ ತಿಂಗಳು ಅಲ್ಲಿರುವುದಿಲ್ಲ. ಅದಕ್ಕೇ ಕೊಳಲು ಮಾಡುವವರು ಬಿದಿರನ್ನು ನೆರಳಲ್ಲಿಟ್ಟು ಕಾಯುತ್ತಾರೆ. ಸೋರೆಕಾಯಿ ಬಳ್ಳಿಯಲ್ಲಿ ಹಸಿರಾಗಿದ್ದಾಗ ಸಾರಿಗೆ, ಪಲ್ಯಕ್ಕೆ. ಬೀಜ ಗಲಗಲ ಎನ್ನುವಷ್ಟು ಒಣಗಿದ ಮೇಲೆ ತತ್ವಪದ ಹಾಡುವವರ ಏಕತಾರಿಗೆ. ಬೆಳೆಯುವುದು ನಿಂತ ವಸ್ತು ಮಾತ್ರ ವಾದ್ಯವಾಗುತ್ತದೆ. ಬೆರಳು ಅದನ್ನು ನಂಬಬೇಕಲ್ಲ. ನನ್ನ ಫೋನಿನಲ್ಲಿ ನೂರಾರು ವಾದ್ಯಗಳಿವೆ, ಎಲ್ಲವೂ ಇನ್ನೂ ಹಸಿ. ಒಂದು ಅಪ್‌ಡೇಟ್ ಬಂದರೆ ಗುಂಡಿ ಜಾಗ ಬದಲಿಸಿರುತ್ತದೆ, ಬೆರಳು ಕಲಿತದ್ದು ರಾತ್ರೋರಾತ್ರಿ ಸುಳ್ಳಾಗುತ್ತದೆ. ಹೊಸದು ಬರಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ವಸ್ತುವಿನ ಜೊತೆ ಬಾಳಿ, ಅದನ್ನು ತಳದವರೆಗೆ ಬಲ್ಲೆ ಎನ್ನುವ ಸುಖ ನಮ್ಮ ಕಾಲದಲ್ಲಿ ಅಪರೂಪವಾಗಿದೆ. ಅದರ ಹಸಿವು ನನಗಿದೆ.

ಪೆಟ್ಟಿಗೆ ವಾದ್ಯವಾಗಲು ಅಷ್ಟು ವರ್ಷ ಹಿಡಿದದ್ದೂ ನನಗೆ ಹೀಗೆಯೇ ಅರ್ಥವಾಗುತ್ತದೆ. 1998ರಲ್ಲಿ ಜರ್ಮನಿಯ ಆಲಿವರ್ ವಿಟ್‌ಶೊ, ಕಲಾ ವಿದ್ಯಾರ್ಥಿಯಾಗಿದ್ದಾಗ, ಅದರಲ್ಲಿ ಹಾಡು ಕಟ್ಟುವ ನ್ಯಾನೊಲೂಪ್ ಬರೆದರು. 2000ರಲ್ಲಿ ಸ್ವೀಡನ್ನಿನ ಯೋಹಾನ್ ಕೊಟ್ಲಿನ್‌ಸ್ಕಿ ‘ಲಿಟಲ್ ಸೌಂಡ್ ಡಿಜೆ’ ಹೊರತಂದರು. ನಾನು ಬಳಸುವುದು ಅದನ್ನೇ. ಅಷ್ಟರಲ್ಲಿ ಬಣ್ಣದ ಗೇಮ್ ಬಾಯ್ ಬಂದು, ಬೂದು ಪೆಟ್ಟಿಗೆಗಳು ಕಪಾಟಿನ ಮೂಲೆ ಸೇರುತ್ತಿದ್ದವು. ಅವುಗಳಿಂದ ಇನ್ನು ಏನನ್ನೂ ನಿರೀಕ್ಷಿಸುವವರಿರಲಿಲ್ಲ. ಬಾಲ್ಯದ ಹಂಬಲದಿಂದ ಇದನ್ನು ಹಿಡಿದವರು ಇರಬಹುದು. ನನ್ನ ಬಾಲ್ಯದಲ್ಲಿ ಗೇಮ್ ಬಾಯ್ ಇರಲಿಲ್ಲ. ನಮಗೆ ಜಾತ್ರೆಯ ಅಂಗಡಿಯಲ್ಲಿ ಸಿಕ್ಕಿದ್ದು ಬ್ರಿಕ್ ಗೇಮ್, ಕೀ ಕೀ ಎನ್ನುವಂಥದ್ದು.

ಹಾಡುಗಳು ಉಳಿಯುವುದು ಪೆಟ್ಟಿಗೆಗೆ ಸಿಕ್ಕಿಸುವ ಕಾರ್ಟ್ರಿಜ್ ಒಳಗಿನ ನಾಣ್ಯದಷ್ಟಗಲದ ಸೆಲ್ಲಿನ ಬಲದಲ್ಲಿ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಪುಟ ತೆರೆದರೆ ಮನೆಮನೆಯಲ್ಲೂ ಬರಿಯ ಅಡ್ಡಗೀಟು. ಎರಡು ವರ್ಷ ಕಟ್ಟಿದ್ದು ಒಂದೂ ಇರಲಿಲ್ಲ. ಪೆಟ್ಟಿಗೆ ಒಣಗಿತ್ತು, ಹಾಡು ಇನ್ನೂ ಹಸಿಯಿತ್ತು. ಸಾಲ್ಡರಿಂಗ್ ಐರನ್ ಕಾಯಿಸಿ, ಸತ್ತ ಸೆಲ್ಲನ್ನು ಬಿಡಿಸಿ ಹೊಸದನ್ನು ಬೆಸೆದೆ. ಕೈ ಸ್ವಲ್ಪ ನಡುಗುತ್ತಿತ್ತು. ಆಮೇಲೆ ಅಮ್ಮನಿಗೆಂದು ಕಟ್ಟಿದ್ದ ಹಾಡನ್ನು ನೆನಪಿನಿಂದಲೇ ಹಾಕುತ್ತ ಹೋದೆ, 16 ಮನೆಯ ಒಂದೊಂದು ಸಾಲಾಗಿ. ಯೋಚಿಸಿದರೆ ಮರೆಯುತ್ತಿತ್ತು, ಬೆರಳಿಗೆ ಬಿಟ್ಟರೆ ಬರುತ್ತಿತ್ತು. ಮೂರನೆಯ ಸಾಲಿನಲ್ಲಿ ಬೆರಳು 37ಕ್ಕೆ ಬಂದು ನಿಂತಿತು. ಮೊದಲು ಅಲ್ಲಿ 47 ಇತ್ತೆಂದು ನನ್ನ ನೆನಪು. ಸ್ಟಾರ್ಟ್ ಒತ್ತಿ ಕೇಳಿದೆ. ಮತ್ತೊಮ್ಮೆ ಕೇಳಿದೆ. ತಿದ್ದದೆ ಮುಂದಿನ ಸಾಲಿಗೆ ಹೋದೆ.