ಕಾಣುವ ತಪ್ಪು, ಕಾಣದ ತಪ್ಪು

ಮನೆಯ ಕೆಲಸವನ್ನು ಎಲ್ಲಿಯವರೆಗೆ ನಾವೇ ಮಾಡಿಕೊಳ್ಳಬೇಕು, ಯಾವಾಗ ಕಸುಬು ಬಲ್ಲವರನ್ನು ಕರೆಯಬೇಕು? ದುಡ್ಡಿನ ಲೆಕ್ಕವೊಂದೇ ಇದಕ್ಕೆ ಸಾಲದು. ಸುಣ್ಣ ಬಳಿಯುವಾಗ ಕೈ ತಪ್ಪಿದರೆ ಗೋಡೆಯೇ ದಿನವೂ ಅಣಕಿಸುತ್ತದೆ, ಮತ್ತೆ ಬಳಿದರಾಯಿತು. ಬಚ್ಚಲುಮನೆಯ ಗೀಸರಿನ ಹಸಿರು ತಂತಿ ಹಾಗಲ್ಲ. ಅರ್ಥಿಂಗಿನ ಆ ತಂತಿಯನ್ನು ಜೋಡಿಸದಿದ್ದರೂ ನೀರು ಕಾಯುತ್ತದೆ. ಮುಂದೊಂದು ದಿನ ಒಳಗೆಲ್ಲೋ ಸೋರಿದ 230 ವೋಲ್ಟಿನ ವಿದ್ಯುತ್ತು ಲೋಹದ ಮೈಗೆ ಬಂದು ಒದ್ದೆ ಕೈಗಾಗಿ ಕಾದಿರುತ್ತದೆ. ಆ ಕೈ ಮನೆಯ ಮಗುವಿನದೋ, ಬಚ್ಚಲು ತೊಳೆಯಲು ಬಂದವಳದೋ ಆಗಬಹುದು.

ನಿಮ್ಮ ಕೆಲಸ ನೀವೇ ಮಾಡಿಕೊಳ್ಳಿ ಎಂದು ತರಗತಿಯಲ್ಲಿ ಹೇಳುವವಳು ನಾನು. ಆದರೆ ನಮ್ಮ ಧೈರ್ಯಕ್ಕೆ ಇನ್ನೊಬ್ಬರು ಬೆಲೆ ತೆರುವಂತಾದರೆ ಅದು ಸ್ವಾವಲಂಬನೆಯಲ್ಲ. ತಪ್ಪು ಕಣ್ಣಿಗೆ ಬೀಳುವ ಕೆಲಸದಲ್ಲಿ ಕೈ ಪಳಗಿಸೋಣ. ತಪ್ಪು ಅಡಗಿ ಕೂರುವಲ್ಲಿ ಬಲ್ಲವರನ್ನು ಕರೆಯೋಣ. ಕರೆದ ಮೇಲೂ, ಅರ್ಥಿಂಗ್ ಪರೀಕ್ಷಿಸಿ ತೋರಿಸಿ ಎನ್ನಲು ಸಂಕೋಚ ಬೇಡ.