ದಾರಿಯ ಋಣ

ಶಹಾಪುರದಿಂದ ಸುರಪುರದ ಮಾರ್ಗವಾಗಿ ತಿಂಥಣಿಯ ಸೇತುವೆಯತ್ತ ಸಾಗುವ ಹೆದ್ದಾರಿಯಲ್ಲಿ, ಹತ್ತಿಯನ್ನು ಹೇರಿಕೊಂಡು ಎರಡು ಬದಿಗೂ ಉಬ್ಬಿದ ಲಾರಿಯೊಂದು, ಶಾಲೆಗೆ ಹೊರಟ ಹುಡುಗಿಯ ಸೈಕಲ್ಲನ್ನು ಹಿಂದಿಕ್ಕುವಾಗ, ಅವೆರಡರ ನಡುವೆ ಉಳಿಯುವ ತೆರವು ಯಾರ ಸೊತ್ತೆಂಬ ಪ್ರಶ್ನೆಯನ್ನು ಧರ್ಮಜಿಜ್ಞಾಸೆಯಿಂದ ಹೊರಗಿಡಲು ನನಗೆ ಕಾರಣವೇ ಕಾಣದು. ಚಾಲಕನು ಅದನ್ನು ತಾನು ತೋರುವ ದಯೆಯೆಂದು ಬಗೆಯುತ್ತಾನೆ. ನಾನು ಅದನ್ನು ಅವನು ತೀರಿಸಬೇಕಾದ ಋಣವೆನ್ನುತ್ತೇನೆ.

ಈ ಸೀಮೆಯ ರಸ್ತೆಯಂಚನ್ನು ಬಲ್ಲವರು ಬಲ್ಲರು. ಡಾಂಬರು ಮುಗಿದಲ್ಲಿ ಇಳುಕಲು, ಅದರಾಚೆ ಎರೆಮಣ್ಣು. ಮಳೆಯಾದ ಮರುದಿನ ಅದು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರವನ್ನೇ ಕಚ್ಚಿ ನಿಲ್ಲಿಸುತ್ತದೆ. ಬದಿಗೆ ಸರಿಯೆಂದು ಹಾರನ್ನು ಬಾರಿಸುವವನು ಅವಳನ್ನು ಎಲ್ಲಿಗೆ ಸರಿಯಹೇಳುತ್ತಿರುವನು? ಅತ್ತಿತ್ತ ತೂಗುತ್ತಲೇ ಸಮತೋಲವನ್ನು ಕಾಯುವುದು ಸೈಕಲ್ಲಿನ ಸ್ವಭಾವ. ಗುಂಡಿ ಎದುರಾದರೆ ಅದು ಬಲಕ್ಕೆ ಬರಲೇಬೇಕು. ಭಾರಿ ವಾಹನದ ಗಾಳಿಗೆ ಹ್ಯಾಂಡಲ್ಲು ಹೊಯ್ದಾಡುತ್ತದೆ. ಆದಕಾರಣ ತಾಕದೆ ಹೋದೆನೆಂಬ ಮಾತ್ರದಿಂದ ಹಿಂಸೆ ನಡೆಯಲಿಲ್ಲವೆನ್ನಲಾಗದು.

ನೆರೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ ಆಶ್ರಯ ಪಡೆದಿದ್ದ ಜೈನಧರ್ಮವು ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ: ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ಅಡಿಯಿಡುವುದು. ಬರಿಗಾಲಿನವನಿಗೇ ಇಷ್ಟು ಎಚ್ಚರವನ್ನು ವಿಧಿಸಿರುವಾಗ, ಗಂಟೆಗೆ 60 ಕಿಲೊಮೀಟರಿನ ವೇಗದಲ್ಲಿ, ಒಂದು ಸೆಕೆಂಡಿಗೆ 16 ಮೀಟರಿಗೂ ಮಿಗಿಲಾಗಿ ಕ್ರಮಿಸುವವನ ದೃಷ್ಟಿ ಎಷ್ಟು ದೂರಕ್ಕೆ ಹರಿಯಬೇಡ! ಅವನು ದೂರದಿಂದಲೇ ವೇಗವಿಳಿಸಿ, ಸೈಕಲ್ಲಿನ ಹಿಂದೆ ಅಂತರವಿಟ್ಟು ನಿಧಾನಿಸಿ, ಎದುರು ದಾರಿ ತೆರವಾಗುವವರೆಗೆ ಕಾದು, ಬಲಬದಿಗೆ ಪೂರ್ತಿಯಾಗಿ ಸರಿದು ದಾಟಿ, ಕನ್ನಡಿಯಲ್ಲಿ ಸೈಕಲ್ಲು ಕಂಡ ಮೇಲೆಯೇ ಎಡಕ್ಕೆ ಮರಳತಕ್ಕದ್ದು. ಜರ್ಮನಿಯು 2020ರಲ್ಲಿ ಈ ಪಕ್ಕದ ಅಂತರವನ್ನು ಊರೊಳಗೆ ಒಂದೂವರೆ ಮೀಟರು, ಊರಾಚೆ ಎರಡು ಮೀಟರು ಎಂದು ಕಾಯಿದೆಯಲ್ಲೇ ಬರೆಯಿತು. ನಮ್ಮ ಕಿರಿದಾರಿಯಲ್ಲಿ ಎದುರಿನಿಂದ ಬಸ್ಸು ಬರುತ್ತಿರುವಾಗ ಅಷ್ಟು ಎಡೆ ದೊರೆಯದು. ಆಗ ಹಿಂದೆಯೇ ಉಳಿಯುವುದಲ್ಲದೆ ಅನ್ಯಮಾರ್ಗವಿಲ್ಲ, ಆ ಕಾಯುವಿಕೆಯು ತಪಸ್ಸಿಗಿಂತ ಕಿರಿದೆಂದೂ ನಾನು ಎಣಿಸಲಾರೆ.

ಇದೇ ಸೀಮೆಯ ಮುದನೂರಿನ ದೇವರ ದಾಸಿಮಯ್ಯನು, ಮಗ್ಗದ ಮುಂದೆ ಕುಳಿತ ನೇಕಾರನು, ಇಳೆಯನ್ನೂ ಬೆಳೆಯನ್ನೂ ಗಾಳಿಯನ್ನೂ ಶಿವನು ಕೊಟ್ಟುದೆಂದೇ ಕಂಡನು. ಆ ಕಣ್ಣಿಗೆ ದಾರಿಯ ನೆಲವೂ ಪಡೆದುಕೊಂಡದ್ದೇ. ಪಡೆದವನು ಅದರಲ್ಲೊಂದು ಪಾಲನ್ನು ಇನ್ನೊಬ್ಬ ಪಡೆದವಳಿಗೆ ಬಿಟ್ಟುಕೊಟ್ಟು ದಾನಿಯೆನಿಸಿಕೊಳ್ಳುವುದು ಹೇಗೆ? 2006-07ರಲ್ಲಿ ನಮ್ಮ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿದಾಗ, ದೂರದ ಶಾಲೆಯ ದಾರಿ ಎಷ್ಟೋ ಹೆಣ್ಣುಮಕ್ಕಳಿಗೆ ತೆರೆಯಿತು. ಆ ದಾರಿಯನ್ನು ಪ್ರತಿದಿನವೂ ತೆರೆದಿಡುವ ಹೊಣೆ ಸ್ಟಿಯರಿಂಗ್ ಹಿಡಿದವರದು.

ಸೈಕಲ್ಲಿನವರೂ ಜೊತೆಜೊತೆಯಾಗಿ ದಾರಿಯನ್ನು ಆಕ್ರಮಿಸುತ್ತಾರೆ, ಮುಸ್ಸಂಜೆಯಲ್ಲಿ ದೀಪವಿಲ್ಲದೆ ಬರುತ್ತಾರೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಅವರ ತಪ್ಪಿಗೆ ಮೊದಲು ಬೀಳುವವರು ಅವರೇ. ಲಾರಿಯ ತಪ್ಪಿಗೂ ಬೀಳುವವರು ಅವರೇ.