ಕೇಳುವವರ ಹೊಣೆ

ಹಾಡುವವನಿಗೆ ಒಂದು ಧರ್ಮವಿದೆ ಎಂಬುದನ್ನು ನಾವೆಲ್ಲ ಒಪ್ಪುತ್ತೇವೆ. ಶ್ರುತಿ ತಪ್ಪಬಾರದು, ಸಭೆಗೆ ಅಗೌರವ ತೋರಬಾರದು. ಆದರೆ ಕೇಳುವವನಿಗೂ ಧರ್ಮವೊಂದು ಉಂಟೇ? ಮುಂಬಯಿಯ ಸಂಗೀತ ಚರಿತ್ರೆಯ ಒಂದು ಮರೆತ ಪುಟವನ್ನು ತೆರೆದರೆ ಈ ಪ್ರಶ್ನೆ ಏಳದಿರದು.

1960ರ ದಶಕದಲ್ಲಿ ಬೀಟಲ್ಸ್ ಮೊದಲಾದವರ ಹಾಡುಗಳಿಗೆ ಮರುಳಾದ ನಮ್ಮ ದೇಶದ ತರುಣರು ಗಿಟಾರು, ಡ್ರಮ್ಮು ಹಿಡಿದು ತಂಡಗಳನ್ನು ಕಟ್ಟಿದರು. ಈ ನಗರದ 'ಸ್ಯಾವೇಜಸ್', 'ಜೆಟ್ಸ್' ಅಂಥವು. ಇಂದು ಐಟಿಸಿ ಎನಿಸಿಕೊಂಡಿರುವ ತಂಬಾಕು ಕಂಪೆನಿಯು ತನ್ನ ಸಿಮ್ಲಾ ಸಿಗರೇಟಿನ ಪ್ರಚಾರಕ್ಕಾಗಿ 'ಸಿಮ್ಲಾ ಬೀಟ್' ಸ್ಪರ್ಧೆಯನ್ನು ಏರ್ಪಡಿಸಿತು. ನಮಗೆಲ್ಲ ಚಿರಪರಿಚಿತವಾದ ಷಣ್ಮುಖಾನಂದ ಸಭಾಗೃಹದಲ್ಲಿ ದೂರದೂರದ ತಂಡಗಳು ಹಾಡಿದವು. 1970 ಮತ್ತು 1971ರ ಸ್ಪರ್ಧೆಗಳ ನೆನಪಿಗೆ ಎರಡು ಗ್ರಾಮಫೋನ್ ತಟ್ಟೆಗಳು ಹೊರಬಂದವು. ಶಿಲ್ಲಾಂಗಿನ 'ಫೆಂಟೋನ್ಸ್', ಮದರಾಸಿನ 'ಕನ್‌ಫ್ಯೂಷನ್ಸ್' ಮೊದಲಾದವರ ದನಿ ಅವುಗಳಲ್ಲಿದೆ. ನಯವಿಲ್ಲ, ಅಬ್ಬರವಿದೆ, ಅಮೆರಿಕದ ತಂಡಗಳ ಹಾಡುಗಳ ಜೊತೆಯಲ್ಲೇ ಹುಡುಗರು ತಾವೇ ಕಟ್ಟಿದ ಹಾಡುಗಳೂ ಇವೆ.

ಆದರೆ ಜನ ಬಯಸಿದ್ದು ಪರಿಚಿತ ಹಾಡುಗಳ ತದ್ರೂಪನ್ನು. ಸ್ವಂತ ಹಾಡಿಗೆ ಕಿವಿಗೊಟ್ಟವರು ವಿರಳ. ತಂಡಗಳು ಚದುರಿದವು, ಹುಡುಗರು ನೌಕರಿ ಹಿಡಿದರು. ದಶಕಗಳು ಕಳೆದ ಮೇಲೆ ಪರದೇಶದ ಸಂಗ್ರಾಹಕರು ಆ ತಟ್ಟೆಗಳನ್ನು ಹುಡುಕಿಕೊಂಡು ಬಂದರು. ಅವು ಅಲ್ಲಿ ಮರುಮುದ್ರಣಗೊಂಡವು. 2014ರಲ್ಲಿ ಪತ್ರಕರ್ತ ಸಿದ್ಧಾರ್ಥ ಭಾಟಿಯಾ ಆ ಕಾಲದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

"ಎರವಲು ಸಂಗೀತ ತಾನೇ, ಮರೆತರೆ ನಷ್ಟವೇನು?" ಎನ್ನುವವರಿದ್ದಾರೆ. ಆದರೆ ಅನುಕರಣೆಯಿಲ್ಲದೆ ಆರಂಭವಾದ ವಿದ್ಯೆ ಯಾವುದು? ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಗೆಜ್ಜೆ ಕಟ್ಟಿದ ನಮ್ಮ ಹುಡುಗರೂ ಯಕ್ಷಗಾನ ಕಲಿತದ್ದು ಹಿರಿಯ ವೇಷಧಾರಿಗಳ ಹೆಜ್ಜೆ ನೋಡಿಯೇ. ನೋಡಿ ಕಲಿತವನು ಒಂದು ದಿನ ತನ್ನದೇ ಹೆಜ್ಜೆ ಹಾಕುತ್ತಾನೆ. ಆಗ ಎದುರಿಗೆ ಯಾರಾದರೂ ಕುಳಿತಿರಬೇಕು. ಷಣ್ಮುಖಾನಂದದಲ್ಲಿ ಹಾಡಿದವರಿಗೆ ಬೇಕಾಗಿದ್ದುದೂ ಅಷ್ಟೇ.

ಕೇಳಿದ್ದನ್ನೆಲ್ಲ ಮೆಚ್ಚಬೇಕೆಂಬ ಕಟ್ಟಳೆಯೇನೂ ಇಲ್ಲ. ಆದರೆ ಕೇಳುವ ಮೊದಲೇ ತೀರ್ಪು ಕೊಡುವುದು ಅನ್ಯಾಯ. ನಮ್ಮ ಸಂಘಗಳ ವಾರ್ಷಿಕೋತ್ಸವಗಳನ್ನೇ ನೋಡಿ. ಮಗುವೊಂದು ಚಿತ್ರಗೀತೆ ಹಾಡಿದರೆ ಚಪ್ಪಾಳೆ. ತರುಣನೊಬ್ಬ ಸ್ವಂತ ಕವಿತೆಯ ಹಾಳೆ ಬಿಡಿಸಿದರೆ ಕುರ್ಚಿಗಳು ಸರಿಯತೊಡಗುತ್ತವೆ; ಚಹದ ಮೇಜಿನ ಬಳಿ ಗುಂಪು ಸೇರುತ್ತದೆ. ಆಮೇಲೆ, "ನಮ್ಮ ಮಕ್ಕಳಲ್ಲಿ ಬರೆಯುವವರೇ ಇಲ್ಲ" ಎಂದು ಪೇಚಾಡುವವರೂ ನಾವೇ!

ಹೊರನಾಡಿನಲ್ಲಿ ಹುಟ್ಟಿದ ಹುಡುಗನ ಕನ್ನಡದಲ್ಲಿ ಮರಾಠಿ, ಹಿಂದಿ ಬೆರೆತಿರಬಹುದು. ಅವನ ಕೈಯಲ್ಲಿ ಗಿಟಾರೇ ಇರಬಹುದು. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಆಮೇಲೆ ನಡೆಯಲಿ. ಅವನು ಮುಗಿಸುವ ತನಕ ಚಹ ಸ್ವಲ್ಪ ಆರಿದರೂ ಚಿಂತೆಯಿಲ್ಲ.